ಭಾನುವಾರ ಹನ್ನೆರಡೂವರೆಯ ಹಗ್ಗ

ಶಿಕಾರಿಪುರ

ಪರದೇಶಕ್ಕೆ ಹೋಗಿ ಬಂದವರು ತಂದ ಸಾಮಾನು ತೋರಿಸುತ್ತಾರೆ. ನಾವು ಎಂಟು ಜನ ಹಗ್ಗ ಜಗ್ಗುವವರು, ಜೊತೆಗೊಬ್ಬ ಮೇಷ್ಟ್ರು, ನಾರ್ವೆವರೆಗೆ ಹೋಗಿ ಕೈ ಬೀಸಿಕೊಂಡು ಬಂದೆವು. ಅಂದಿನಿಂದ ನನ್ನ ಗೊಬ್ಬರದ ಅಂಗಡಿಗೆ ಯೂರಿಯಾ ಕೇಳಲು ಬಂದವರೂ ಮೊದಲು ಕೇಳುವುದು ಇದನ್ನೇ: "ಅಲ್ರೀ ಪರಮೇಶಣ್ಣ, ಅಷ್ಟು ದೂರ ಹೋಗಿ ಆಟದ ಹೊತ್ತಿಗೆ ಮಲಗಿಬಿಟ್ರಂತಲ್ರೀ?" ಹೌದು, ಮಲಗಿಬಿಟ್ಟೆವು. ಮಲಗಿದ್ದೇಕೆ, ನಾವು ಮಲಗಿದ್ದಾಗ ಅಲ್ಲಿ ಏನಾಯಿತು ಎಂಬುದನ್ನು ಒಂದು ಸಲ ಬರೆದಿಟ್ಟರೆ ಬಾಯಿಗೆ ವಿಶ್ರಾಂತಿ ಸಿಕ್ಕೀತು ಎಂದು ಈ ಕೆಲಸಕ್ಕೆ ಕೂತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ನಮ್ಮದು ಪೇಟೆಯ ಪೈಲ್ವಾನರ ತಂಡವೇನೂ ಅಲ್ಲ. ಒಬ್ಬ ಗೊಬ್ಬರದವನು, ಒಬ್ಬ ವೆಲ್ಡಿಂಗ್ ಅಂಗಡಿಯವನು, ಉಳಿದವರು ಗದ್ದೆ ಕೆಲಸದವರು. ಕೆರೆಗಳ ಕೆಲಸ ನೋಡಲು ನಾರ್ವೆಯ ಎಂಜಿನಿಯರೊಬ್ಬರು ಒಂದು ವರ್ಷ ನಮ್ಮ ಕಡೆ ಬಂದಿದ್ದರು. ಕೆಸರಲ್ಲಿ ಅಚ್ಚಿನವರೆಗೆ ಹೂತ ಟ್ರ್ಯಾಕ್ಟರನ್ನು ನಾವು ಹಗ್ಗ ಕಟ್ಟಿ ಎಳೆದು ದಡಕ್ಕೆ ತಂದದ್ದನ್ನು ಅವರು ನಿಂತು ನೋಡಿದರು. ಅವರ ಊರಲ್ಲಿ ಪ್ರತಿ ಬೇಸಿಗೆ ಹಗ್ಗ ಜಗ್ಗಾಟದ ದೊಡ್ಡ ಪಂದ್ಯವಂತೆ, ಬೇರೆ ಬೇರೆ ದೇಶದವರು ಬರುತ್ತಾರಂತೆ. ವಾಪಸು ಹೋದ ಮೇಲೆ ಅವರೇ ಅಲ್ಲಿಯವರಿಗೆ ಹೇಳಿ ನಮ್ಮನ್ನು ಕರೆಸಿದರು. ಕರೆ ಬಂದಾಗ ಊರಲ್ಲಿ ಅರ್ಧ ಜನ ನಕ್ಕರು, ಇನ್ನರ್ಧ ಜನ ನಮಗೆ ಸ್ವೆಟರ್ ಎರವಲು ಕೊಟ್ಟರು.

ಮ್ಯಾನೇಜರ್ ಎಂದು ಬಂದವರು ಹಾಲಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಸಿಟ್ಟು ಅದಕ್ಕಿಂತ ಚೆನ್ನಾಗಿ ಬರುತ್ತದೆ. ವೆಲ್ಡಿಂಗ್ ಅಂಗಡಿಯ ಖಾದರ್ ಹಗ್ಗದಲ್ಲಿ ಮೊದಲನೆಯವನು, ನಾನು ಅವನ ಬೆನ್ನ ಹಿಂದೆ. ಎಲ್ಲರಿಗಿಂತ ಹಿಂದೆ, ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ನಿಲ್ಲುವವನಿಗೆ ನಮ್ಮಲ್ಲಿ ಗೂಟ ಎನ್ನುತ್ತೇವೆ. ಗೂಟ ಅಲುಗದಿದ್ದರೆ ತಂಡ ಅಲುಗುವುದಿಲ್ಲ. ನಮ್ಮ ಗೂಟ ಜಡೆ ಊರಿನ ಬಸವಣ್ಯಪ್ಪ. ಎಡಗಾಲಿನವನು. ಎಡ ಹಿಮ್ಮಡಿಯನ್ನು ನೆಲಕ್ಕೆ ಊರಿದನೆಂದರೆ ಅವನನ್ನು ಕೀಳಲು ಜೋಡೆತ್ತೇ ಬೇಕು. ಒಮ್ಮೆ ಲಾಳ ಕಟ್ಟುವವನ ಹತ್ತಿರ ತಮಾಷೆಗೆ ಬೂಟು ಬಿಚ್ಚಿಕೊಟ್ಟು, ಎಡ ಹಿಮ್ಮಡಿಗೆ ಎತ್ತಿನ ಲಾಳವನ್ನೇ ಹೊಡೆಸಿಕೊಂಡಿದ್ದ. ಉಳಿದವರ ಬೂಟಿಗೆಲ್ಲ ಖಾದರ್ ಮಾಡಿಕೊಟ್ಟ ಚಪ್ಪಟೆ ತಗಡು.

ಆ ಬಸವಣ್ಯಪ್ಪ ನಮ್ಮ ಜೊತೆ ಬರಲಿಲ್ಲ. ಬೇಸಿಗೆ ಹತ್ತುವ ಮೊದಲು, ಕ್ಯಾಸನೂರಿನ ಕಡೆ ಕಾಡಂಚಿಗೆ ದರಗು, ಅಂದರೆ ಒಣಗಿದ ಎಲೆ, ತರಲು ಹೋಗಿ ಮಂಗನ ಕಾಯಿಲೆ ಹಿಡಿಸಿಕೊಂಡು ಸತ್ತ.

ಜಡೆ

ಹೊರಡುವ ದಿನ ಅವನ ತಮ್ಮ ರುದ್ರೇಶನನ್ನು ಕರೆದುಕೊಳ್ಳಲು ಜಡೆಗೆ ಹೋದೆವು. ಅಣ್ಣನ ಜಾಗಕ್ಕೆ ತಮ್ಮನನ್ನು ಹಾಕಿಕೊಂಡಿದ್ದೆವು. ಹುಡುಗ ಗಟ್ಟಿಯೇ, ಆದರೆ ಬಲಗಾಲಿನವನು, ಮಾತು ಕಡಿಮೆ. ಬಸವಣ್ಯಪ್ಪ ಇದ್ದಲ್ಲಿ ಇವನು ನಿಂತಾಗ ನಮಗೆಲ್ಲ ಬೆನ್ನ ಹಿಂದೆ ಏನೋ ಕಡಿಮೆಯಾದಂತೆ ಅನಿಸುತ್ತಿತ್ತು. ನಾವು ಬಾಯಿಬಿಟ್ಟು ಹೇಳಲಿಲ್ಲ, ಅವನಿಗೆ ಗೊತ್ತಾಗದೆಯೂ ಇರಲಿಲ್ಲ. ಒಂದು ಪದಕ ತಂದು ಅಣ್ಣನ ಸಮಾಧಿಯ ಮೇಲೆ ಇಡುತ್ತೇನೆ, ಆಮೇಲೆ ಈ ಜಾಗ ನನ್ನದು ಅಂತೀನಿ, ಅಲ್ಲಿವರೆಗೆ ಇದು ಅವನದೇ ಎಂದು ರುದ್ರೇಶ ಒಮ್ಮೆ ನನ್ನ ಹತ್ತಿರ ಹೇಳಿದ್ದ. ಅಷ್ಟು ಉದ್ದದ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಅವರ ತಾಯಿ ಗಂಗವ್ವ ನಮ್ಮ ತಂಡಕ್ಕೆಲ್ಲ ಪರಿಚಯ. ಮೊದಲು ಮಗನ ಆಟ ಎಲ್ಲಿದ್ದರೂ ಬಂದು ಮೈದಾನದ ಅಂಚಿಗೆ ಕೂರುತ್ತಿದ್ದಳು. ಮುಂದಿನವರ ಕಾಲು ಜಾರಿದರೆ ಎಲ್ಲ ಭಾರವೂ ಗೂಟದವನ ಸೊಂಟಕ್ಕೇ ಬೀಳುತ್ತದೆ. ಅದು ಅವಳಿಗೆ ಗೊತ್ತು. ಅದಕ್ಕೇ ಹಗ್ಗ ಬಿಗಿಯಾದ ಕೂಡಲೇ ಅಲ್ಲಿಂದಲೇ ಕೂಗುತ್ತಿದ್ದಳು: "ನನ್ನ ಮಗನ್ನ ಒಬ್ಬನ್ನೇ ಬಿಡಬ್ಯಾಡ್ರೋ!" ನಾವು ಆಟ ಮುಗಿದ ಮೇಲೆ ಅದನ್ನೇ ಅವಳ ದನಿಯಲ್ಲಿ ಅನ್ನುತ್ತ ಬಸವಣ್ಯಪ್ಪನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆವು.

ಆ ದಿನ ಅವಳು ಒಳಗಿನಿಂದ ಟವೆಲ್ಲಿನಲ್ಲಿ ಸುತ್ತಿದ ಬಸವಣ್ಯಪ್ಪನ ಬೂಟು ತಂದು ರುದ್ರೇಶನ ಕೈಗೆ ಕೊಟ್ಟಳು. ಪದಕದ ಆಟಕ್ಕೆ ಮಾತ್ರ ಹಾಕಿಕೊಳ್ಳಬೇಕು, ಅಲ್ಲಿವರೆಗೆ ನೆಲಕ್ಕೆ ಸೋಕಿಸಬಾರದು ಎಂದಳು. ಆಮೇಲೆ ಮೇಷ್ಟ್ರ ಹತ್ತಿರ, ಮಗ ತೀರಿಕೊಂಡ ಸೋಮವಾರದಿಂದ ತಾನು ಸೋಮವಾರ ಒಪ್ಪೊತ್ತು ಮಾಡುತ್ತಿರುವುದಾಗಿ ಹೇಳಿದಳು. ಆಸ್ಪತ್ರೆಯವರ ಪ್ರಕಾರ ಅವನು ಸತ್ತದ್ದು ಮಂಗಳವಾರ. ನಡುರಾತ್ರಿ ದಾಟಿದ ಮೇಲೆ ಉಸಿರು ನಿಂತದ್ದಕ್ಕೆ ಅವರು ಹಾಗೆ ಬರೆದಿದ್ದರು. ಗಂಗವ್ವ ಅದನ್ನು ಒಪ್ಪಲೇ ಇಲ್ಲ. ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ಹೊತ್ತು ಹುಟ್ಟದೆ ವಾರ ಹೇಗೆ ಬದಲಾದೀತು? ಸೋಮವಾರ ಊಟ ಮಾಡಿ ಮಲಗಿದವನಿಗೆ ಕೋಳಿ ಕೂಗುವವರೆಗೂ ಸೋಮವಾರವೇ. ಭಾನುವಾರ ರಾತ್ರಿ ಒಂದು ಗಂಟೆಯ ಬಸ್ಸು ಎಂದರೆ ನಮ್ಮೂರಲ್ಲಿ ಯಾರಾದರೂ ಶನಿವಾರ ಊಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ಹೋಗಿ ಕೂರುತ್ತಾರೆಯೇ?

ಆ ಲೆಕ್ಕ ನಮ್ಮ ರಕ್ತದಲ್ಲೇ ಇದೆ. ಅದನ್ನೂ ಗಂಟಿನಲ್ಲಿ ಕಟ್ಟಿಕೊಂಡೇ ಹೊರಟೆವು.

ವಿಮಾನ ನಿಲ್ದಾಣ

ತಪಾಸಣೆಯಲ್ಲಿ ಬೂಟಿನ ಗಂಟು ಬಿಚ್ಚಿಸಿದರು. ಲಾಳ ನೋಡಿ ಅಧಿಕಾರಿ ಇದೇನು ಎಂದು ಕೇಳಿದ. ಇದು ಎತ್ತಿನ ಪಾದರಕ್ಷೆ, ಮನುಷ್ಯನ ಬೂಟಿಗೆ ಹೊಡೆದದ್ದು ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ವಿವರಿಸಿದರು. ಅವನು ಇನ್ನಷ್ಟು ಗಾಬರಿಯಾಗಿ ಮತ್ತೊಬ್ಬನನ್ನು ಕರೆದ. ಆತ ಬೂಟು ನೆಲದ ಮೇಲಿಡು ಎಂದರೆ ರುದ್ರೇಶ ಇಡಲೊಲ್ಲ. ಎರಡು ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದುಕೊಂಡು ನಿಂತುಬಿಟ್ಟ. ಹಿಂದಿನ ಸಾಲಿನವರೆಲ್ಲ ಅದ್ಯಾವುದೋ ಪೂಜೆ ಎಂದುಕೊಂಡರೇನೋ, ಒಬ್ಬಾಕೆ ಕೈ ಮುಗಿದಳು. ಕೊನೆಗೆ ಬಿಟ್ಟರು. ವಿಮಾನದಲ್ಲೂ ಬೂಟು ಅವನ ತೊಡೆಯ ಮೇಲೆಯೇ ಇತ್ತು, ಊಟದ ತಟ್ಟೆಯನ್ನು ಅದರ ಮೇಲಿಟ್ಟುಕೊಂಡೇ ಉಂಡ.

ಹೊತ್ತು ಮುಳುಗದ ಊರು

ಆ ಊರಿನ ಹೆಸರು ಕೊನೆವರೆಗೂ ನಮ್ಮ ನಾಲಿಗೆಗೆ ಒಗ್ಗಲಿಲ್ಲ. ಖಾದರ್ ಅದಕ್ಕೆ ಮೀನೂರು ಎಂದು ಹೆಸರಿಟ್ಟ. ಸಮುದ್ರದಂಚಿಗೆ ಉದ್ದಕ್ಕೂ ಮರದ ಅಟ್ಟ ಕಟ್ಟಿ ಮೀನು ಒಣಹಾಕಿದ್ದರು. ತಲೆಗಳನ್ನು ಬೇರೆ ಮಾಡಿ, ದಾರಕ್ಕೆ ಪೋಣಿಸಿ, ಗೊಂಚಲು ಗೊಂಚಲಾಗಿ ನೇತುಹಾಕಿದ್ದರು. ಎಲ್ಲವೂ ಬಾಯಿ ತೆರೆದುಕೊಂಡಿದ್ದವು. ಗಾಳಿ ಬಂದಾಗ ಒಂದಕ್ಕೊಂದು ಬಡಿದು ಕಟಕಟ ಎನ್ನುತ್ತಿದ್ದವು. ಈರುಳ್ಳಿಯ ವಾಸನೆಗೂ ಮೂಗು ಮುಚ್ಚುವ ನಮ್ಮ ಕೆಲವರು ಊಟವನ್ನೇ ಬಿಟ್ಟರು. ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಪ್ರಾಣ ಉಳಿಸಿತು.

ಊರ ಹಿಂದೆ ಒಂದು ಕರಿಬಂಡೆಯ ಗುಡ್ಡ, ಥೇಟ್ ನಮ್ಮ ಕಡೆಯ ಚಂದ್ರಗುತ್ತಿ ಬೆಟ್ಟದ ಹಾಗೆ. ಆದರೆ ಚಂದ್ರಗುತ್ತಿಯಲ್ಲಿ ಜನರ ಗದ್ದಲ. ಇಲ್ಲಿ ಗದ್ದಲವೇ ಇಲ್ಲ. ಒಂದೇ ಬೆಂಚಿನ ಮೇಲೆ ಇಬ್ಬರು ಕೂತಿರುತ್ತಾರೆ, ನಾವು ಸಮುದ್ರದವರೆಗೆ ಹೋಗಿ ಬಂದರೂ ಹಾಗೆಯೇ ಕೂತಿರುತ್ತಾರೆ, ಒಬ್ಬರಿಗೊಬ್ಬರು ಮಾತಿಲ್ಲ. ಜಗಳವಾಗಿರಬೇಕೆಂದು ಮೇಷ್ಟ್ರು ವಿಚಾರಿಸಿದರೆ ಅವರು ಗಂಡಹೆಂಡತಿ, ಸುಖವಾಗಿದ್ದಾರೆ ಎಂದು ಗೊತ್ತಾಯಿತು. ಯಾರ ಮನೆಗೂ ಚಿಲಕ ಹಾಕುವುದಿಲ್ಲ, ಹಾಗೆಂದು ಯಾರ ಮನೆಯ ಬಾಗಿಲನ್ನೂ ಯಾರೂ ತಟ್ಟುವುದಿಲ್ಲ. ನಮ್ಮಲ್ಲಿ ಸಮಾಧಿಗಳು ಊರ ಹೊರಗೆ. ಇಲ್ಲಿ ನಟ್ಟನಡುವೆ, ನಾವು ಆಡುವ ಮೈದಾನಕ್ಕೆ ಅಂಟಿಕೊಂಡೇ ಇದ್ದವು, ನಡುವೆ ಮೊಣಕಾಲೆತ್ತರದ ಬೇಲಿ. ಮೊದಲ ದಿನ ಅಭ್ಯಾಸ ಮಾಡುವಾಗ ಒಬ್ಬ ಮುದುಕಿ ಬೇಲಿಯಾಚೆ ಹೂವಿನ ಗಿಡಕ್ಕೆ ನೀರು ಹಾಕುತ್ತ ನಮ್ಮನ್ನು ನೋಡಿ ತಲೆಯಾಡಿಸಿದಳು. ರುದ್ರೇಶ ಆ ಕಡೆ ನೋಡುತ್ತ ನಿಂತವನು ಕರೆದರೂ ತಿರುಗಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಬೆಳಕು. ಆ ಕಾಲದಲ್ಲಿ ಅಲ್ಲಿ ಹೊತ್ತು ಮುಳುಗುವುದೇ ಇಲ್ಲ. ಸೂರ್ಯ ಇಳಿದು ಇಳಿದು ಸಮುದ್ರದ ಮೇಲೆ ಒಂದು ಮೊಳ ಉಳಿಯುವಾಗ ಏನೋ ನೆನಪಾದವನ ಹಾಗೆ ಮತ್ತೆ ಏರುತ್ತಾನೆ. ನಮ್ಮ ನೆರಳು ತೆಂಗಿನ ಮರದಷ್ಟು ಉದ್ದ ಬೀಳುತ್ತಿತ್ತು. ಜನ ಕಿಟಕಿಗೆ ಕರಿಬಟ್ಟೆ ಕಟ್ಟಿಕೊಂಡು ಮಲಗುತ್ತಾರೆ. ಹೊರಗೆ ಮಟಮಟ ಬಿಸಿಲು, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಕತ್ತಲಿಗೆ ಹೆದರುವುದು ನನಗೆ ಗೊತ್ತಿತ್ತು, ಬೆಳಕಿಗೆ ಹೆದರುವುದನ್ನು ಅಲ್ಲಿ ಕಲಿತೆ.

ಶುಕ್ರವಾರ ಒಂದು ಪಂದ್ಯ ಗೆದ್ದು, ಮುಂದಿನದರಲ್ಲಿ ಸೋತೆವು. ಕಂಚಿನ ಪದಕಕ್ಕೆ ಇನ್ನೊಂದು ಆಟ ಉಳಿಯಿತು, ಎದುರಿಗೆ ಪಕ್ಕದ ದ್ವೀಪದ ಮೀನುಗಾರರು. ತೀರ್ಪುಗಾರ ಯೋಹಾನ್ ಎಂಬ ಎತ್ತರದ ಮುದುಕ, ಮೈದಾನದ ಪಕ್ಕದಲ್ಲೇ ಅವನ ಮನೆ. ಪದಕದ ಆಟಗಳನ್ನು ಸೂರ್ಯ ತೀರ ಕೆಳಗಿಳಿದ ಹೊತ್ತಿಗೆ ಆಡಿಸುವುದು ಅಲ್ಲಿಯ ಹಳೆಯ ಪದ್ಧತಿಯಂತೆ. ನಿಮ್ಮದು ಭಾನುವಾರ, ನಡುರಾತ್ರಿ ಹನ್ನೆರಡೂವರೆಗೆ ಎಂದು ಯೋಹಾನ್ ಹೇಳಿದ. ಭಾನುವಾರ ಹನ್ನೆರಡೂವರೆ ಎಂದು ಮೇಷ್ಟ್ರು ತಿರುಗಿ ಹೇಳಿದರು. ಹೌದು ಎಂದು ಅವನು ತಲೆಯಾಡಿಸಿದ.

ಮಾತು ಅಲ್ಲಿಗೆ ಮುಗಿಯಿತು. ಸೂರ್ಯ ಮುಳುಗದ ಊರಲ್ಲಿ ವಾರ ಬದಲಾಗುವುದು ಯಾವಾಗ ಎಂದು ನಾವು ರೂಮಿನಲ್ಲಿ ತಮಾಷೆ ಮಾಡಿಕೊಂಡೆವು. ಖಾದರ್ ಹೇಳಿದ, "ನಮ್ಮ ಮಸೀದಿ ಲೆಕ್ಕದಾಗ ಹೊತ್ತು ಮುಳುಗಿದ್ರೆ ಮುಗೀತು, ಆವಾಗಿಂದ ಮರುದಿನ. ನನಗೆ ಶನಿವಾರ ಸಂಜೆಗೇ ಭಾನುವಾರ ಬಂದುಬಿಡ್ತೈತಿ ನೋಡ್ರಿ ಮೇಷ್ಟ್ರೆ." ಹಾಗಾದರೆ ನೀನೊಬ್ಬನೇ ಶನಿವಾರ ಹೋಗಿ ಆಡಿ ಬಾ ಎಂದು ಮೇಷ್ಟ್ರು ಗದರಿಸಿದರು. ಎಲ್ಲರೂ ನಕ್ಕೆವು, ಖಾದರನೂ ನಕ್ಕ.

ಶನಿವಾರ

ಶನಿವಾರ ಬಿಡುವು ಎಂದುಕೊಂಡು ಊರು ಸುತ್ತಿದೆವು. ಯೋಹಾನ್ ಮೈದಾನದಲ್ಲಿ ಕುಂಟೆಯಂಥ ಸಾಮಾನಿನಿಂದ ಹಳೆಯ ಹಿಮ್ಮಡಿ ಗುಳಿಗಳನ್ನೆಲ್ಲ ಮುಚ್ಚಿ ಮಟ್ಟ ಮಾಡುತ್ತಿದ್ದ. ಸಂಜೆ ಮೀನುಗಾರರ ತಂಡ ದೋಣಿಯಿಂದ ಇಳಿಯಿತು. ಅವರಲ್ಲೊಬ್ಬ ನಮ್ಮನ್ನು ನೋಡಿ ಮಣಿಕಟ್ಟಿನ ಗಡಿಯಾರವನ್ನು ಬೆರಳಿನಿಂದ ತಟ್ಟಿ ತೋರಿಸಿ ನಕ್ಕ. ನಮ್ಮ ಗಡಿಯಾರ ಹಳೆಯದೆಂದು ಗೇಲಿ ಮಾಡುತ್ತಿದ್ದಾನೆ ಎಂದು ಖಾದರ್ ತನ್ನದನ್ನೂ ತಟ್ಟಿ ತೋರಿಸಿದ. ಹೊಟ್ಟೆ ತುಂಬ ಆಲೂಗಡ್ಡೆ ತಿಂದು ಬಂದು ಮಲಗಿದೆವು.

ನಮ್ಮನ್ನು ಇಳಿಸಿದ್ದು ಮಕ್ಕಳ ಶಾಲೆಯಲ್ಲಿ. ಗೋಡೆಗೆ ಮಕ್ಕಳ ಎತ್ತರಕ್ಕೆ ಹೊಡೆದ ಮೊಳೆಗಳಲ್ಲಿ ನಮ್ಮ ದೊಡ್ಡ ದೊಡ್ಡ ಕೋಟುಗಳು ನೇತಾಡುತ್ತಿದ್ದವು. ಅರೆನಿದ್ದೆಯಲ್ಲಿ ಕಣ್ಣು ಬಿಟ್ಟರೆ ಯಾರೋ ಸಾಲಾಗಿ ಕುಕ್ಕರಗಾಲಲ್ಲಿ ಕೂತಂತೆ ಕಾಣುವುದು. ಆ ರಾತ್ರಿ ನನಗೆ ಎಚ್ಚರವಾದದ್ದು ಕೂಗಿಗೆ. ದೂರದ ಮೈದಾನದ ಕಡೆಯಿಂದ ಜನರ ಕೂಗು ಎದ್ದು, ಒಮ್ಮೆಲೇ ನಿಂತಿತು. ಗೆದ್ದಾಗಿನ ಕೂಗು ಹಾಗೆ ನಿಲ್ಲುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ಇದು ಯಾರೋ ಎಲ್ಲರ ಬಾಯಿಗೂ ಒಟ್ಟಿಗೆ ಕೈ ಅಡ್ಡ ಹಿಡಿದ ಹಾಗೆ ನಿಂತಿತು.

ನನ್ನ ಪಕ್ಕ ಖಾದರನೂ ಎದ್ದಿದ್ದ. ಬೇರೆ ಯಾರದೋ ಆಟ ನಡೆದಿದೆ ಎಂದ. ನಾನೂ ಹಾಗೇ ಅಂದುಕೊಂಡೆ. ಕರಿಬಟ್ಟೆಯ ಸಂದಿಯಿಂದ ಬಂದ ಒಂದು ಎಳೆ ಬಿಸಿಲು ರುದ್ರೇಶನ ಮುಖದ ಮೇಲೆ ಬಿದ್ದಿತ್ತು. ಹುಡುಗ ಗಾಢನಿದ್ದೆಯಲ್ಲಿದ್ದ. ಬೂಟಿನ ಗಂಟು ಎಂದಿನಂತೆ ಅವನ ತಲೆಯ ಬಳಿ ಕುರ್ಚಿಯ ಮೇಲಿತ್ತು, ಗಂಟು ಹಾಕಿದ್ದು ಹಾಗೆಯೇ ಇತ್ತು. ಇದನ್ನು ನಾನು ಕಣ್ಣಾರೆ ಕಂಡದ್ದರಿಂದ ಬರೆಯುತ್ತಿದ್ದೇನೆ. ಮಗ್ಗುಲು ಬದಲಿಸಿ ಮಲಗಿದೆ.

ಭಾನುವಾರ

ಬೆಳಿಗ್ಗೆಯಿಂದ ಜನರ ವರ್ತನೆ ವಿಚಿತ್ರವಾಗಿತ್ತು. ಹಿಂದಿನ ದಿನ ನಮ್ಮನ್ನು ಕಂಡು ನಗುತ್ತಿದ್ದವರು ಈಗ ಬೀದಿಯ ಆಚೆ ಬದಿಗೆ ಹೋಗುತ್ತಿದ್ದರು. ಬ್ರೆಡ್ಡಿನ ಅಂಗಡಿಯ ಹೆಂಗಸು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ತಲೆ ಎಣಿಸುತ್ತಿದ್ದಾಳೆ ಎನಿಸಿತು. ಕೊನೆಗೆ ಎದೆಯ ಮೇಲೆ ಕೈ ಇಟ್ಟುಕೊಂಡು ಏನೋ ಹೇಳಿದಳು. ಭಾನುವಾರದ ಶುಭಾಶಯ ಇರಬೇಕೆಂದು ನಾವೂ ಎದೆಯ ಮೇಲೆ ಕೈ ಇಟ್ಟುಕೊಂಡೆವು. ಬೇರೆ ತಂಡಗಳ ದೋಣಿಗಳು ಒಂದೊಂದಾಗಿ ಹೊರಟು ಹೋಗುತ್ತಿದ್ದವು. ನಮ್ಮ ಆಟವೇ ಕೊನೆಯದಿರಬೇಕು, ಎಲ್ಲರೂ ನೋಡುವ ಆಟ ಎಂದು ಮೇಷ್ಟ್ರು ಹುರುಪು ತುಂಬಿದರು.

ರಾತ್ರಿ ಎಲ್ಲರೂ ಹಣೆಗೆ ವಿಭೂತಿ ಹಚ್ಚಿಕೊಂಡು, ಖಾದರ್ ನಮಾಜು ಮುಗಿಸಿಕೊಂಡು, ಮೈದಾನಕ್ಕೆ ಹೋದೆವು. ಸೂರ್ಯ ಸಮುದ್ರದ ಅಂಚಿನಲ್ಲಿದ್ದ. ಮೈದಾನ ಖಾಲಿ. ಕೂರುವ ಹಲಗೆಗಳ ಮೇಲೆ ಒಂದು ಕಾಗದದ ಚೂರೂ ಇರಲಿಲ್ಲ. ನಟ್ಟನಡುವೆ ಹಗ್ಗ ಮಾತ್ರ ಉದ್ದಕ್ಕೆ ಬಿದ್ದಿತ್ತು, ಯಾರೂ ಅದನ್ನು ಸುತ್ತಿಟ್ಟಿರಲಿಲ್ಲ. ಮೀನಿನ ತಲೆಗಳು ಕಟಕಟ ಎನ್ನುತ್ತಿದ್ದವು. ನಾವು ಸಾಲಾಗಿ ನಿಂತೆವು. ಕಾದೆವು. ಹನ್ನೆರಡೂವರೆ ಬಂತು, ಹೋಯಿತು. ನಮ್ಮ ಉದ್ದುದ್ದ ನೆರಳು ಬೇಲಿ ದಾಟಿ ಸಮಾಧಿಗಳವರೆಗೆ ಹೋಗಿ ಮಲಗಿತ್ತು. ಮೊದಲು ತಿಳಿದದ್ದು ಖಾದರನಿಗೆ ಎಂದು ಕಾಣುತ್ತದೆ. ಅವನು ತಲೆಯ ಮೇಲೆ ಕೈ ಹೊತ್ತು ಹುಲ್ಲಿನ ಮೇಲೆ ಕೂತುಬಿಟ್ಟ.

ಯೋಹಾನ್ ತನ್ನ ಮನೆಯ ಬಾಗಿಲು ತೆರೆದು ಅಲ್ಲೇ ನಿಂತು ಬಹಳ ಹೊತ್ತು ನಮ್ಮನ್ನು ನೋಡಿದ. ಆಮೇಲೆ ರಾತ್ರಿಯಂಗಿಯ ಮೇಲೆ ಕೋಟು ಹಾಕಿಕೊಂಡು ಬಂದ. ಆಟಕ್ಕೆ ಬಂದಿದ್ದೇವೆ ಎಂದು ಮೇಷ್ಟ್ರು ಹೇಳಿದರು. ಆಟ ನಿನ್ನೆ ರಾತ್ರಿಯೇ ಮುಗಿಯಿತಲ್ಲ ಎಂದ ಅವನು. ಶನಿವಾರದ ನಡುರಾತ್ರಿ ಕಳೆದ ಕೂಡಲೇ ಅವರಿಗೆ ಭಾನುವಾರ. ನಾವು ಅವರ ಭಾನುವಾರದ ಮೊದಲ ಅರ್ಧ ಗಂಟೆಯನ್ನು ನಮ್ಮ ಭಾನುವಾರದ ಬಾಲಕ್ಕೆ ಕಟ್ಟಿ ಒಂದಿಡೀ ದಿನ ತಡವಾಗಿ ಬಂದಿದ್ದೆವು. ಯಾರನ್ನಾದರೂ ಕಳಿಸಬಾರದಿತ್ತೇ, ನಾವು ಕೂಗಳತೆಯಲ್ಲೇ ಮಲಗಿದ್ದೆವಲ್ಲ ಎಂದು ಮೇಷ್ಟ್ರು ಕೇಳಿದರು.

ಯೋಹಾನ್ ಹೇಳಿದ್ದನ್ನು ಮೇಷ್ಟ್ರು ಒಂದೊಂದೇ ಮಾತಾಗಿ ನಮಗೆ ಕನ್ನಡದಲ್ಲಿ ಹೇಳುತ್ತ ಹೋದರು.

"ಕಳಿಸುವುದು ಯಾಕೆ ಅಂದುಕೊಂಡೆ. ನಿಮ್ಮ ಕೊನೆಯವನು ಆಗಲೇ ಬಂದು ನಿಂತಿದ್ದನಲ್ಲ."

ನಮ್ಮ ಕಡೆ ಹಗ್ಗದ ತುದಿ ಸಮುದ್ರದ ಬದಿಗಿತ್ತು, ಅದರ ಹಿಂದೆಯೇ ಸೂರ್ಯ. ಕಣ್ಣು ಕೋರೈಸುವ ಆ ಬೆಳಕಿನಲ್ಲಿ ಒಬ್ಬ ಆಳು ಹಗ್ಗ ಸುತ್ತಿಕೊಂಡು ನಿಂತಿದ್ದನ್ನು ಯೋಹಾನ್ ಕಂಡಿದ್ದ. ಒಬ್ಬ ಬಂದಿದ್ದಾನೆಂದರೆ ಉಳಿದವರೂ ಬರುತ್ತಾರೆ ಎಂದು ಕಾದ. ಹೊತ್ತು ಮೀರಿತು. ಎದುರಿನವರು ಬಾರದಿದ್ದರೆ ಬಂದವರು ಬರೀ ಹಗ್ಗವನ್ನು ತಮ್ಮ ಕಡೆ ಎಳೆದುಕೊಂಡು ಪದಕ ತೆಗೆದುಕೊಳ್ಳಬೇಕು, ಅದು ನಿಯಮ. ಆಳು ಪಕ್ಕಕ್ಕೆ ಸರಿಯುತ್ತಾನೆ ಎಂದುಕೊಂಡು ಯೋಹಾನ್ ಎಳೆಯಿರಿ ಎಂದು ಕೈ ಇಳಿಸಿದ. ಎಂಟು ಮೀನುಗಾರರು ಎಳೆದರು. ಹಗ್ಗ ಬರಲಿಲ್ಲ. ಜನ ಕೂಗಿದರು. ಹಗ್ಗ ಬಿಗಿಯಾಗಿ ನಿಂತೇ ಇತ್ತು. ಆಗ, ಕಣ್ಣಿಗೆ ಸೂರ್ಯ ಬೀಳದಂತೆ ಅಂಚಿನಲ್ಲಿ ಕೂತಿದ್ದವರಿಗೆ, ಆ ತುದಿಯಲ್ಲಿ ಯಾರೂ ಇಲ್ಲವೆಂದು ಕಂಡಿತು. ಕೂಗು ನಿಂತದ್ದು ಆಗ. ಸ್ವಲ್ಪ ಹೊತ್ತಿಗೆ ಹಗ್ಗ ನಿಧಾನವಾಗಿ, ಒಂದೊಂದು ಗೇಣಾಗಿ ಹೋಯಿತಂತೆ. ಮೀನುಗಾರರು ಪದಕ ಹಾಕಿಸಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ದೋಣಿ ಹತ್ತಿದರಂತೆ.

ಬಿಸಿಲಿಗೆ ಕಣ್ಣು ಮೋಸ ಮಾಡಿರಬೇಕು, ಹಗ್ಗ ಎಲ್ಲೋ ಸಿಕ್ಕಿಕೊಂಡಿರಬೇಕು ಎಂದು ನಾನು ಜೋರಾಗಿಯೇ ಅಂದೆ. ಯೋಹಾನ್ ವಾದ ಮಾಡಲಿಲ್ಲ. ನಮ್ಮ ಕಡೆಯ ತುದಿ ಮೊದಲು ಇದ್ದ ಜಾಗಕ್ಕೆ ನಮ್ಮನ್ನು ಕರೆದುಕೊಂಡು ಹೋದ. ಅವನೇ ಮಟ್ಟ ಮಾಡಿದ್ದ ನೆಲದಲ್ಲಿ ಒಂದು ಗುಳಿ ಇತ್ತು, ಒಂದೇ. ಎಡ ಹಿಮ್ಮಡಿ ಊರಿದ್ದು. ತಳದ ಹಸಿಮಣ್ಣಿನಲ್ಲಿ ಎತ್ತಿನ ಲಾಳದ ಗುರುತು, ಮೊಳೆತಲೆಗಳ ಸಮೇತ, ಅಚ್ಚೊತ್ತಿದ ಹಾಗಿತ್ತು. ಅಲ್ಲಿಂದ ಮುಂದಕ್ಕೆ ಮಣ್ಣು ಗೀರಿಕೊಂಡು ಹೋಗಿತ್ತು, ಬಿಡಲೊಲ್ಲದವನನ್ನು ಎಳೆದುಕೊಂಡು ಹೋದ ಹಾಗೆ.

ನನ್ನ ವಾದ ಅಲ್ಲಿಗೆ ನಿಂತಿತು. ರುದ್ರೇಶ ಟವೆಲ್ಲಿನ ಗಂಟು ಬಿಚ್ಚಿದ. ಲಾಳ ಒಣಗಿತ್ತು, ಜಡೆಯಲ್ಲಿ ಗಂಗವ್ವ ಒರೆಸಿ ಕೊಟ್ಟ ಹಾಗೇ ಫಳಫಳ ಎನ್ನುತ್ತಿತ್ತು. ಅವನು ಬೂಟು ಹಾಕಿಕೊಂಡ, ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡ, ಬಲಗಾಲಿನವನು ಎಡ ಹಿಮ್ಮಡಿಯನ್ನು ಆ ಗುಳಿಯಲ್ಲಿ ಇಟ್ಟ.

"ಹಿಡೀರಿ ಪರಮೇಶಣ್ಣ," ಎಂದ. "ಒಂದ್ಸಲ ಹಿಡೀರಿ."

ನಾವು ಏಳು ಜನ ನಮ್ಮ ನಮ್ಮ ಜಾಗಕ್ಕೆ ಹೋಗಿ ಹಗ್ಗ ಹಿಡಿದೆವು. ಎದುರು ಬದಿಯಲ್ಲಿ ಖಾಲಿ ಹುಲ್ಲು. ಆ ತುದಿ ಬಿಗಿಯಾದೀತು ಎಂದು ನನಗೆ ಹೆದರಿಕೆಯಿತ್ತು, ಬಿಗಿಯಾಗಲಿ ಎಂಬ ಆಸೆಯೂ ಇತ್ತು. ಯೋಹಾನ್ ಯಾಕೋ ಪದ್ಧತಿಯಂತೆ ಕೈ ಎತ್ತಿ ಇಳಿಸಿದ. ಎಳೆದೆವು. ಹಗ್ಗ ಸುಮ್ಮನೆ ಬಂದುಬಿಟ್ಟಿತು. ಅಷ್ಟು ಹಗುರವಾದ ಹಗ್ಗವನ್ನು ನಾನು ಜನ್ಮದಲ್ಲಿ ಹಿಡಿದಿಲ್ಲ. ಎಲ್ಲರೂ ಒಬ್ಬರ ಮೇಲೊಬ್ಬರು ಅಂಗಾತ ಬಿದ್ದೆವು. ಎಲ್ಲರ ಕೆಳಗೆ ರುದ್ರೇಶ ಇದ್ದ. ನಾವು ಎದ್ದ ಮೇಲೂ ಅವನು ಏಳಲಿಲ್ಲ, ಹೊರಳಿ ಮುಖ ಹುಲ್ಲಿಗೆ ಒತ್ತಿಕೊಂಡು ಅಳುತ್ತಿದ್ದ. ಮೇಷ್ಟ್ರು ಅವನ ಪಕ್ಕ ಕೂತು ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಸೂರ್ಯ ಮತ್ತೆ ಏರತೊಡಗಿದ್ದ.

ಮತ್ತೆ ಜಡೆ

ವಾಪಸು ಬರುವ ದಾರಿಯುದ್ದಕ್ಕೂ ಗಂಗವ್ವನಿಗೆ ಏನು ಹೇಳುವುದು ಎಂಬುದೇ ಚಿಂತೆ. ಆ ಗುಳಿಯ ವಿಷಯ ಎತ್ತುವುದು ಬೇಡ, ವಾರದ ಲೆಕ್ಕ ತಪ್ಪಿತು ಎಂದಷ್ಟೇ ಹೇಳೋಣ ಎಂದು ನಾನು ಅಂದೆ. ಮೇಷ್ಟ್ರಿಗೂ ಅದೇ ಸರಿ ಕಂಡಿತು. ರುದ್ರೇಶ ಕಿಟಕಿಯ ಹೊರಗೆ ನೋಡುತ್ತಿದ್ದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಗಂಗವ್ವ ನಮ್ಮನ್ನು ಕೂರಿಸಿ ಬೆಲ್ಲ ನೀರು ಕೊಟ್ಟಳು. ಮೇಷ್ಟ್ರು ಎದ್ದು ನಿಂತು, ಹೆಡ್ಮಾಸ್ಟರ ಎದುರು ನಿಂತ ಹುಡುಗನ ಹಾಗೆ, ಭಾನುವಾರದ ಕತೆ ಹೇಳಿದರು. ಅವಳು ಕೇಳಿಸಿಕೊಂಡಳು. ಬೇಸರವಾದಂತೆ ಕಾಣಲಿಲ್ಲ. ಆಸ್ಪತ್ರೆಯವರದೂ ಅದೇ ಹಾಳು ಲೆಕ್ಕ ಎಂದು ಗೊಣಗಿದಳು. ಪದಕ ಹೋದರೆ ಹೋಯಿತು, ಹೋದವರು ಜೀವ ಸಮೇತ ಬಂದಿರಲ್ಲ ಎಂದಳು. ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ರುದ್ರೇಶ ಬೂಟಿನ ಗಂಟನ್ನು ತಾಯಿಯ ಮಡಿಲಲ್ಲಿ ಇಟ್ಟ.

"ಅವ್ವ, ಅಣ್ಣ ಬಂದಿದ್ದ," ಎಂದ. "ನಮಗೆ ವಾರ ಗೊತ್ತಾಗಲಿಲ್ಲ. ಅವನು ಸರಿಯಾದ ಹೊತ್ತಿಗೇ ಬಂದಿದ್ದ."

ಆಮೇಲೆ ಎಲ್ಲವನ್ನೂ ಹೇಳಿದ. ಮಾತು ಕಡಿಮೆಯ ಹುಡುಗ ಗುಳಿಯನ್ನು, ಲಾಳದ ಗುರುತನ್ನು, ಎಂಟು ಜನ ಎಳೆದರೂ ಬಾರದ ಹಗ್ಗವನ್ನು ತನ್ನ ಎರಡೂ ಕೈಯಲ್ಲಿ ತೋರಿಸಿ ತೋರಿಸಿ ಹೇಳಿದ. ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು. ಪದಕಕ್ಕೆ ಬದಲಾಗಿ ಅವನು ತಂದದ್ದು ಅದೊಂದೇ. ತಾಯಿಗೆ ಸಮಾಧಾನವಾಗುತ್ತದೆ ಎಂದು ಅವನು ನಂಬಿದ್ದ. ಕೇಳುತ್ತ ಕೇಳುತ್ತ ನಾನೂ ನಂಬಿದ್ದೆ.

ಗಂಗವ್ವ ಲಾಳದ ಮೇಲೆ ಬೆರಳಾಡಿಸುತ್ತಿದ್ದಳು. ಸಂದಿಯಲ್ಲಿ ಬೂದು ಬಣ್ಣದ ಮಣ್ಣು ಒಣಗಿತ್ತು. ರುದ್ರೇಶ ಹಾಕಿಕೊಂಡಾಗ ಹತ್ತಿದ್ದು ಎಂದು ನಮಗೆಲ್ಲ ಗೊತ್ತಿತ್ತು. ಅವಳು ತಲೆ ಎತ್ತಿದಾಗ ನೋಡಿದ್ದು ರುದ್ರೇಶನನ್ನಲ್ಲ, ನಮ್ಮನ್ನು. ನನ್ನನ್ನು, ಖಾದರನನ್ನು, ಬಾಗಿಲ ಬಳಿ ನಿಂತ ಉಳಿದವರನ್ನು.

"ಒಬ್ಬನೇ ನಿಂತಿದ್ನೇನ್ರಪ್ಪಾ?" ಎಂದಳು. "ಒಬ್ಬರೂ ಹೋಗ್ಲಿಲ್ವಾ?"

ಕೂಗು ಕೇಳಿ ಎಚ್ಚರವಾಗಿ, ಮಗ್ಗುಲು ಬದಲಿಸಿ ಮಲಗಿದವನು ನಾನು. ಖಾದರ್ ಹೊರಗೆ ಹೋಗಿ ಬೇಲಿಯ ಹತ್ತಿರ ನಿಂತುಕೊಂಡ.

ನಮ್ಮ ತಂಡ ಈಗಲೂ ಇದೆ. ಗೂಟದ ಜಾಗದಲ್ಲಿ ರುದ್ರೇಶನೇ ನಿಲ್ಲುತ್ತಾನೆ, ಚೆನ್ನಾಗಿಯೇ ನಿಲ್ಲುತ್ತಾನೆ. ಎಲ್ಲ ತಂಡಗಳಲ್ಲೂ ಮೊದಲು ಹಿಂದಿನವನು ಹಗ್ಗ ಸುತ್ತಿಕೊಳ್ಳುತ್ತಾನೆ, ಆಮೇಲೆ ಮುಂದಿನವರು ಹಿಡಿಯುತ್ತಾರೆ. ನಾವು ಹಾಗೆ ಮಾಡುವುದಿಲ್ಲ. ಏಳೂ ಜನ ಹಗ್ಗ ಹಿಡಿದು ನಿಂತ ಮೇಲೆಯೇ ಅವನು ತುದಿಗೆ ಕೈ ಹಾಕುತ್ತಾನೆ. ನೋಡುವವರು ನಗುತ್ತಾರೆ, ನಗಲಿ. ಗಂಗವ್ವ ಈಗಲೂ ಆಟಕ್ಕೆ ಬಂದು ಮೈದಾನದ ಅಂಚಿನಲ್ಲಿ ಕೂರುತ್ತಾಳೆ. ಕೂಗುವುದು ಮಾತ್ರ ಬಿಟ್ಟಿದ್ದಾಳೆ.